ಸುಟ್ಟ ಪ್ಲೇಟು, ಸೋಮವಾರದ ಎತ್ತು

ಶಂಕ್ರೆಪ್ಪನ ಮಾತನ್ನು ತಾನು ನಂಬುತ್ತಿರುವುದು ಅದು ಖರೆ ಎಂಬ ಕಾರಣಕ್ಕೋ, ಇಲ್ಲ ಶಂಕ್ರೆಪ್ಪ ತನ್ನಂಥದೇ ಓಣಿಯಿಂದ ಬಂದವನು ಎಂಬ ಕಾರಣಕ್ಕೋ?

ಮುಂಜಾನೆಯಿಂದ ಈ ಪ್ರಶ್ನೆ ಪಿಎಸ್‌ಐ ಕಾಂತೇಶನೊಳಗೆ ಮುರಿದ ಮುಳ್ಳಿನ ಹಾಗೆ ಉಳಿದಿತ್ತು. ಕೀಳಲು ಹೋದಷ್ಟೂ ಒಳಗೆ ಇಳಿಯುತ್ತಿತ್ತು.

ಲಾಕಪ್ಪಿನ ಮೂಲೆಯಲ್ಲಿ ಮೊಣಕಾಲಿಗೆ ಗದ್ದ ಊರಿ ಕೂತಿದ್ದ ಡ್ರೈವರ್ ಶಂಕ್ರೆಪ್ಪ ಹೆಚ್ಚು ಮಾತಾಡಿರಲಿಲ್ಲ. "ರವಿವಾರ ಸಂಜಿಕ ಗಾಡಿ ಧಣ್ಯಾರ ಮನಿ ಮುಂದ ನಿಲ್ಲಿಸಿ, ಕೀಲಿ ಅಲ್ಲೇ ಗೂಟಕ್ಕ ಹಾಕಿ, ನಮ್ಮ ಮನಿಗಿ ಬಂದೇನ್ರಿ. ಕ್ಲಚ್ ಚಲೋ ಇತ್ತು." ಅಷ್ಟೇ. ಮತ್ತೆ ಕೇಳಿದರೆ ಮತ್ತೆ ಅದನ್ನೇ, ಅದೇ ದನಿಯಲ್ಲಿ.

ಸೋಮವಾರ ಮುಂಜಾನೆ ಸಾಲಹಳ್ಳಿಯ ಧಣಿ ನಿಜಗುಣಪ್ಪ ಗುಡ್ಡದ ಮೇಲಿನ ಮುಚ್ಚಿದ ಕಲ್ಲುಖಣಿಯ ತಳದಲ್ಲಿ ಹೆಣವಾಗಿ ಸಿಕ್ಕಿದ್ದರು. ಅವರ ಬಿಳಿ ಅಂಬಾಸಡರ್ ಗುಡ್ಡದ ಕೆಳಗೆ, ರಾಮದುರ್ಗದ ಡಾಂಬರು ರಸ್ತೆಯ ಬದಿಗೆ, ಮುಂದಕ್ಕೆ ಹೋಗಲಾರದೆ ನಿಂತಿತ್ತು.

ದೂರು ಕೊಟ್ಟವನು ಧಣಿಯ ತಮ್ಮ ಮಹಾದೇವ. ಕಾರಿನ ಕ್ಲಚ್ಚು ಒಂದು ತಿಂಗಳಿಂದ ಸವೆದು ಜಾರುತ್ತಿತ್ತು. ಅದನ್ನು ಹಾಳು ಮಾಡಿದ್ದು ಶಂಕ್ರೆಪ್ಪನೇ ಎಂದು ಅಣ್ಣ ಬೈದು, ನೌಕರಿ ಬಿಡಿಸುತ್ತೇನೆ ಎಂದಿದ್ದ. ಆ ಸಿಟ್ಟಿಗೆ ಶಂಕ್ರೆಪ್ಪ ರವಿವಾರ ಸಂಜೆ ಅಣ್ಣನನ್ನು ಕರೆದೊಯ್ದ. ಗುಡ್ಡದ ಬುಡದ ಹೊಲದಲ್ಲಿ ಕಾರು ಹೂತುಕೊಂಡಿತು. ಅಲ್ಲಿಂದ ಅಣ್ಣನನ್ನು ನಡೆಸಿಕೊಂಡು ಖಣಿಗೆ ಹೋಗಿ ತಳ್ಳಿದ. ಕಾರನ್ನು ಆಮೇಲೆ ಮನೆಯವರೇ ರಸ್ತೆಗೆ ತಂದರು. ಮಹಾದೇವನ ದೂರು ಹೀಗಿತ್ತು.

ಇಂದು ಸಂಜೆ ಕೋರ್ಟು ಮುಗಿದು ಏಳುವುದರೊಳಗೆ ಶಂಕ್ರೆಪ್ಪನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಆಮೇಲೆ ಜೈಲು. ಜೈಲಿಗೆ ಹೋದ ಬಡವನ ಮಾತನ್ನು ಮತ್ತೆ ಕೇಳುವವರು ಯಾರೂ ಇರುವುದಿಲ್ಲ ಎಂಬುದು ಕಾಂತೇಶನಿಗೆ ಗೊತ್ತಿತ್ತು.

ಸೋಮವಾರ ಪಂಚನಾಮೆಗೆ ಹೋದಾಗ ಆ ಮನೆಯಲ್ಲಿ ಕಂಡದ್ದು ಇನ್ನೂ ಅವನ ಕಣ್ಣ ಮುಂದಿತ್ತು. ಕಂಬಕ್ಕೆ ಒರಗಿ ಅಳುವುದನ್ನೂ ಮರೆತು ಕೂತಿದ್ದ ಧಣಿಯ ಹೆಂಡತಿ ರಾಚವ್ವ. ಹಿತ್ತಲಲ್ಲಿ ಮೈ ತೊಳೆಸಿಕೊಂಡು, ಹಣೆಗೆ ವಿಭೂತಿ ಹಚ್ಚಿಸಿಕೊಂಡು, ಏನೂ ಆಗಿಲ್ಲವೆಂಬಂತೆ ಮೆಲುಕು ಹಾಕುತ್ತಿದ್ದ ಜೋಡೆತ್ತು. ಸಾವಿನ ಮನೆಯಲ್ಲಿ ಆ ಎತ್ತುಗಳ ಸಮಾಧಾನ ಅವನಿಗೆ ಯಾಕೋ ತಡೆದುಕೊಳ್ಳಲಾಗಿರಲಿಲ್ಲ.

*

ದುಂಡಪ್ಪ ಮಿಸ್ತ್ರಿಯ ಗ್ಯಾರೇಜು ರಾಮದುರ್ಗದ ಹೊರಗೆ, ರಸ್ತೆಗಿಂತ ತಗ್ಗಿನಲ್ಲಿತ್ತು. ಗಾಡಿಗಳು ಒಂದು ಇಳಿಜಾರಿನಲ್ಲಿ ಒಳಗೆ ಇಳಿಯಬೇಕು, ದುರಸ್ತಿಯಾದ ಮೇಲೆ ಅದೇ ಚಡಾವು ಹತ್ತಿ ಹೊರಗೆ ಹೋಗಬೇಕು. ಹತ್ತಿದರೆ ದುರಸ್ತಿಯಾದ ಹಾಗೆ. ದುಂಡಪ್ಪನ ಗ್ಯಾರಂಟಿ ಅಷ್ಟೇ.

ಬೇವಿನ ಮರದ ಬುಡದಲ್ಲಿ ಬುತ್ತಿಯ ಗಂಟು ಮಡಿಲಲ್ಲಿಟ್ಟುಕೊಂಡು ಕಾಡವ್ವ ಕೂತಿದ್ದಳು. ಶಂಕ್ರೆಪ್ಪನ ಹೆಂಡತಿ. ಕಾಂತೇಶ ಇಲ್ಲಿಗೇ ಬರುತ್ತಾನೆಂದು ಠಾಣೆಯಲ್ಲಿ ಕೇಳಿಕೊಂಡು, ಅವನಿಗಿಂತ ಮೊದಲೇ ನಡೆದು ಬಂದಿದ್ದಳು.

"ಸಾಹೇಬ್ರ, ಸಂಜಿಕ ಅವನ್ನ ಜೇಲಿಗಿ ಕಳಸ್ತೀರಂತ. ಖರೇನ್ರಿ?"

"ನೋಡೂಣು."

"ಏನ್ ನೋಡ್ತೀರಿ? ಗಾಡಿ ನೋಡ್ತೀರಿ. ಅವನ ಮಾರಿ ನೋಡ್ರಿ."

"ಈಗ ಗಾಡೀನ ಹೇಳಬೇಕವಾ ಏನಾಗೇತಿ ಅಂತ."

"ಗಾಡಿ ಬಾಯಿ ಬಿಡತೈತಿ ಅಂದ್ರ ಬೇಶ್ ಆತು. ಮನಶ್ಯಾರಂತೂ ಬಿಡವಲ್ರು."

ಕಾಂತೇಶ ಇಳಿಜಾರು ಇಳಿದ. ಹಿಂದಿನಿಂದ ಹವಾಲ್ದಾರ ಸಿದ್ಧಾರೂಢ ಕಾಗದದ ಪ್ಯಾಡು ಹಿಡಿದು ಬಂದ.

"ಬರ್ರಿ, ಬರ್ರಿ!" ದುಂಡಪ್ಪ ಕೈಗೆ ಹತ್ತಿದ ಗ್ರೀಸನ್ನು ತನ್ನ ಅಂಗಿಗೇ ಒರೆಸಿಕೊಂಡ. "ಬೈಲಹೊಂಗಲದಿಂದ ಸವದತ್ತಿ ತನಕ ಯಾವ ಅಂಬಾಸಡರ್ ಕೆಮ್ಮಿದ್ರೂ ನನಗ ಕನಸಿನ್ಯಾಗ ಕೇಳಸತೈತ್ರಿ."

"ಇದಕ್ಕ ಏನಾಗೇತಿ ಹೇಳ್ರಿ ಹಂಗಾರ."

"ಹೇಳೂದೇನ್ರಿ, ಪ್ಲೇಟ್ ಸವದೈತಿ. ಮಾದೇವಪ್ಪಾರು ಆಗಲೇ ಹೇಳಿಲ್ಲೇನು?"

"ಮಾದೇವಪ್ಪಾರು ಮಿಸ್ತ್ರಿ ಯಾವಾಗ ಆದ್ರು?"

ದುಂಡಪ್ಪ ಹೊಟ್ಟೆ ಕುಣಿಸಿ ನಕ್ಕ. "ಅವರಾ? ಹರೇದಾಗ ಒಮ್ಮೆ ಸಂತಿ ದಿನ ಸ್ಟೇರಿಂಗ್ ಹಿಡದು, ಬಾಯವ್ವನ ಬದನಿಕಾಯಿ ರಾಶ್ಯಾಗ ಗಾಡಿ ಹೊಗಿಸಿದ್ರು. ಸಂತ್ಯಾಗ ನಿಂತ ನಿಂತಲ್ಲೇ ಭರ್ತಾ ಆತು. ಅಂದಿನಿಂದ ಮುಂದಿನ ಸೀಟಿನ್ಯಾಗೂ ಕುಂಡ್ರಂಗಿಲ್ಲ. ಇಡೀ ರಾಮದುರ್ಗಕ್ಕ ಗೊತ್ತೈತಿ."

ಕಾಂತೇಶ ನಗಲಿಲ್ಲ. ಕಾರಿನ ಬಾಗಿಲು ತೆರೆದು ತಾನೇ ಡ್ರೈವರ್ ಸೀಟಿನಲ್ಲಿ ಕೂತ. ಕಿತ್ತೂರಿನಲ್ಲಿ ಅವನ ಅಪ್ಪನದೂ ಒಂದು ಗ್ಯಾರೇಜು ಇತ್ತು. ಸಾಲೆಯ ಪುಸ್ತಕಕ್ಕಿಂತ ಮೊದಲು ನಟ್ಟು ಬಿಗಿಯುವ ಪಾನಾ ಹಿಡಿದ ಕೈ ಅವನದು. ಪದವಿ, ಪರೀಕ್ಷೆ, ಖಾಕಿ ಎಲ್ಲ ಆಮೇಲೆ ಬಂದವು.

"ನಾಕೂ ಗಾಲಿಗಿ ಕಲ್ಲ ಕೊಡ್ರಿ."

ದುಂಡಪ್ಪ ಕಲ್ಲು ಕೊಟ್ಟ. ಕಾಂತೇಶ ಎಂಜಿನ್ ಶುರು ಮಾಡಿ, ಕ್ಲಚ್ ಒತ್ತಿ, ಟಾಪ್ ಗೇರಿಗೆ ಹಾಕಿದ. ಬ್ರೇಕಿನ ಮೇಲೆ ಬಲಗಾಲು ಊರಿ, ಎಡಗಾಲನ್ನು ನಿಧಾನಕ್ಕೆ ಮೇಲೆತ್ತಿದ.

ಕ್ಲಚ್ಚು ಗಟ್ಟಿಯಾಗಿದ್ದರೆ ಎಂಜಿನ್ನು ಕಟ್ಟಿಹಾಕಿದ ಗಾಲಿಗಳ ಭಾರ ತಡೆಯಲಾರದೆ ಒಮ್ಮೆ ಅದುರಿ ನಿಂತುಬಿಡಬೇಕು. ನಿಲ್ಲಲಿಲ್ಲ. ಕಾಲು ಪೂರ್ತಿ ಮೇಲೆ ಬಂದರೂ ಎಂಜಿನ್ನು, ಯಾರದೋ ಮನೆಯ ಸುದ್ದಿ ಎಂಬಂತೆ, ತನ್ನ ಪಾಡಿಗೆ ಓಡುತ್ತಲೇ ಇತ್ತು.

ಆಮೇಲೆ ವಾಸನೆ ಬಂತು. ಅರಿವೆ, ಕೂದಲು, ಡಾಂಬರು ಒಟ್ಟಿಗೆ ಸುಟ್ಟಂಥ ವಾಸನೆ.

ಅವನು ಕೀಲಿ ತಿರುಗಿಸಿ ಎಂಜಿನ್ ಆರಿಸಿದ. ಆ ವಾಸನೆ ಅವನಿಗೆ ಹೊಸದಾಗಿರಲಿಲ್ಲ. ಬಹಳ ಹಿಂದೆ, ದೇಗಾಂವದ ದಾರಿಯ ಒಂದು ಏರಿನಲ್ಲಿ, ಅಪ್ಪನ ಹಳೆಯ ಫಿಯಟ್ಟಿನೊಳಗೆ... ನೆನಪನ್ನು ಅಲ್ಲಿಗೇ ತಡೆದ. ಅದು ಈ ಹೊತ್ತಿನ ಕೆಲಸವಲ್ಲ.

"ನೋಡಿದ್ರಿ? ಸವದೈತಿ ಅಂತ ನಾ ಹೇಳಲಿಲ್ಲೇನು?" ಎಂದ ದುಂಡಪ್ಪ.

"ಜಾರತೈತಿ ಅನ್ನೂದು ಖರೆ. ಸವದ ಜಾರತೈತೋ, ಎಣ್ಣಿ ಇಳದ ಜಾರತೈತೋ, ಯಾಕ ಜಾರತೈತೋ, ಬಿಚ್ಚಿದ ಮ್ಯಾಲೆ ಹೇಳೂಣು. ಗೇರ್‌ಬಾಕ್ಸ್ ಇಳಸ್ರಿ."

*

ಕಾರನ್ನು ಗುಂಡಿಯ ಮೇಲೆ ತಂದು ನಿಲ್ಲಿಸಿದರು. ದುಂಡಪ್ಪ ಒಳಗಿಳಿದು, ಹಿಂದಿನ ಗಾಲಿಗೆ ಹೋಗುವ ಶಾಫ್ಟು ಬಿಚ್ಚಿ ಬದಿಗಿಟ್ಟ. ಗೇರ್‌ಬಾಕ್ಸಿನ ಬೋಲ್ಟುಗಳು ಒಂದೊಂದಾಗಿ ಸಡಿಲಾದವು. ಕೊನೆಯದು ಬಿಟ್ಟುಕೊಂಡಾಗ ಗೇರ್‌ಬಾಕ್ಸು ಜ್ಯಾಕಿನ ಮೇಲೆ ನರಳುತ್ತ ಕೆಳಗೆ ಕೂತಿತು. ಅದರ ಬೆನ್ನ ಹಿಂದೆಯೇ ದುಂಡಪ್ಪನ ಬೈಗುಳ ಕೇಳಿಸಿತು.

"ಥೂ! ಬಾಯಿ ತುಂಬ ಗರಸು!"

"ಎಂಥಾ ಗರಸು?"

"ತಿಂದ ನೋಡಿ ಹೇಳಲ್ಯಾ?"

ಕಾಂತೇಶ ಗುಂಡಿಗೆ ಇಳಿದ. ಗೇರ್‌ಬಾಕ್ಸಿನ ಮೇಲಿನ ಸಂದಿಗಳಲ್ಲಿ ಕೂತಿದ್ದ ಕಣಗಳನ್ನು ಅಂಗೈಗೆ ಉದುರಿಸಿಕೊಂಡ. ಕೆಂಪು ಗರಸು, ನುಚ್ಚುಗಲ್ಲಿನ ಮಣ್ಣು. ಗಾಲಿಗಳ ಮೇಲಿನ ಮಡ್‌ಗಾರ್ಡಿನೊಳಗೆ, ಸ್ಪ್ರಿಂಗಿನ ಪಟ್ಟಿಗಳ ನಡುವೆ, ಎಲ್ಲೆಡೆ ಅದೇ.

ಗುಡ್ಡದ ಬುಡದ ಹೊಲ ಕಪ್ಪು ಎರೆ ಹೊಲ. ಹಸಿ ಎರೆಯಲ್ಲಿ ಹೂತ ಗಾಡಿಯ ಹೊಟ್ಟೆಗೆ ರೊಟ್ಟಿಯಂತೆ ಮಣ್ಣು ಮೆತ್ತಿರಬೇಕು. ಇಲ್ಲಿ ಒಂದು ಕಪ್ಪು ಹೆಂಟೆಯೂ ಇರಲಿಲ್ಲ. ಆ ಸುತ್ತಿನಲ್ಲಿ ಕೆಂಪು ಗರಸು ಇರುವುದು ಒಂದೇ ದಾರಿಯಲ್ಲಿ. ರಸ್ತೆಯಿಂದ ಕಲ್ಲುಖಣಿಯ ಬಾಯಿಯವರೆಗೆ ನೆಟ್ಟಗೆ ಏರುವ ಆ ಚಡಾವಿನಲ್ಲಿ.

ಅಂದರೆ ಕಾರು ಹೊಲಕ್ಕೆ ಹೋಗಿಲ್ಲ. ಗುಡ್ಡ ಹತ್ತಿದೆ.

ದುಂಡಪ್ಪ ಪ್ರೆಷರ್ ಪ್ಲೇಟಿನ ಬೋಲ್ಟುಗಳನ್ನು ಕಳಚಿ, ಅದರ ಹಿಂದೆ ಅಡಗಿದ್ದ ಕ್ಲಚ್ ಪ್ಲೇಟನ್ನು ಹೊರಗೆ ತೆಗೆದು ಬೆಳಕಿಗೆ ಹಿಡಿದ. ಸಣ್ಣ ಹಂಚಿನಷ್ಟು ಅಗಲದ ಗುಂಡನೆಯ ಪ್ಲೇಟು.

ಇಬ್ಬರೂ ಅದರ ಮೇಲೆ ಬಾಗಿದರು.

ಸವೆದ ಪ್ಲೇಟಿನ ಲೈನಿಂಗು, ಅಂದರೆ ಮೈಮೇಲಿನ ಒರಟು ಪದರು, ತೆಳ್ಳಗಾಗಿ, ಅದನ್ನು ಹಿಡಿದಿಟ್ಟ ರಿವೆಟ್ಟುಗಳ ತಲೆ ಹೊರಗೆ ಕಾಣುತ್ತದೆ. ಇದರಲ್ಲಿ ರಿವೆಟ್ಟುಗಳು ಇನ್ನೂ ಆಳದಲ್ಲಿದ್ದವು. ಲೈನಿಂಗು ದಪ್ಪಗಿತ್ತು. ಆದರೆ ಅದರ ಮುಖ ಕರಿಗಟ್ಟಿ, ಗಾಜಿನ ಹಾಗೆ ನುಣುಪಾಗಿ, ಬಿರುಕು ಬಿಟ್ಟಿತ್ತು. ಬೆರಳಿನಿಂದ ಮುಟ್ಟಿದರೆ ಅಂಚು ಪುಡಿಯಾಗಿ ಉದುರಿತು. ಅದು ತಾಗಿಕೊಂಡು ತಿರುಗುವ ಫ್ಲೈವ್ಹೀಲಿನ ಉಕ್ಕಿನ ಮೇಲೆ ನೀಲಿ ಕಲೆಗಳು, ಹೊಡೆತ ತಿಂದ ಮೈಯ ಮೇಲೆ ಬಾಸುಂಡೆ ಎದ್ದ ಹಾಗೆ. ಎಣ್ಣೆಯ ಪಸೆ ಎಲ್ಲಿಯೂ ಇಲ್ಲ.

"ಅಲ್ರಿ!" ದುಂಡಪ್ಪನಿಗೆ ಸಿಟ್ಟು ಬಂತು. "ಇದು ದಸರಿಗಿ ನಾನ ಹಾಕಿದ ಪ್ಲೇಟು. ಇಷ್ಟರಾಗ ಸವದೈತಿ ಅಂತ ಹೇಳಿದ ಹುಚ್ಚ ಯಾಂವ?"

"ನೀವ."

"ನಾನ? ನಾ ಎಲ್ಲಿ ಹೇಳಿದೆ? ಮಾದೇವಪ್ಪಾರು ಹೇಳಿದ್ದು. ನಾ ಬರೇ ಹೂಂ ಅಂದೆ."

"ಈಗ ಏನಂತೀರಿ?"

ದುಂಡಪ್ಪ ಪ್ಲೇಟನ್ನು ಮೂಗಿಗೆ ಹಿಡಿದು, ಮುಖ ಕಿವುಚಿದ. "ಒಂದ ಹೊತ್ತಿನ್ಯಾಗ ಸುಟ್ಟಾರ. ಮುಂದೂ ಹೋಗಿಲ್ಲ, ಹಿಂದೂ ಬಂದಿಲ್ಲ. ಕ್ಲಚ್ ಅರ್ಧಾ ಬಿಟ್ಟು, ಎಕ್ಸಲೇಟರ್ ಒತ್ತಿ, ಗಾಡೀನ ಚಡಾವಿನ ಮ್ಯಾಲೆ ತೂಗಿಸ್ಯಾರ. ಹಂಗ ನಿಂತೈತಿ ಬಡವಿ, ಒಳಗ ಸುಟಗೋತ. ಆಮ್ಯಾಲ ಹಂಗ ಉರುಳಿ ರಸ್ತಾಕ ಇಳದೈತಿ."

"ಎಷ್ಟ ಹೊತ್ತು?"

"ಭಾಳ ಹೊತ್ರಿ. ಚಡಾವಿನ್ಯಾಗ ನಿಂತು ಯಾರಿಗೋ ಕಾಯೋ ಹಂಗ."

ಆ ಕೊನೆಯ ಮಾತು ದುಂಡಪ್ಪ ಸಹಜವಾಗಿ ಆಡಿದ್ದ. ಕಾಂತೇಶನ ಕಣ್ಣಿಗೆ ಮಾತ್ರ ಆ ಹೊತ್ತು ಕಟ್ಟಿತು.

ಖಣಿಯ ಚಡಾವು. ಮಬ್ಬುಗತ್ತಲು. ಎಂಜಿನ್ ಮೊರೆಯುತ್ತ ನಿಂತ ಬಿಳಿ ಕಾರು. ಹೊರಗೆ, ಖಣಿಯ ಅಂಚಿನಲ್ಲಿ, ನಿಜಗುಣಪ್ಪನವರ ಜೊತೆ ಒಬ್ಬರು. ಒಳಗೆ, ಅರ್ಧ ಕ್ಲಚ್ಚಿನ ಮೇಲೆ ಕಾಲಿಟ್ಟು ಒಬ್ಬರು. ಒಳಗಿದ್ದವರಿಗೆ ಹೊರಗಿನ ಕೂಗು ಕೇಳಿಸಿತೋ, ಎಂಜಿನ್ನಿನ ಸದ್ದಿಗೆ ಕೇಳಿಸಲಿಲ್ಲವೋ.

ಇಬ್ಬರು. ಇದುವರೆಗೆ ತಾನು ಹುಡುಕುತ್ತಿದ್ದದ್ದು ಒಬ್ಬನನ್ನೇ.

ಅವನು ಗುಂಡಿಯಿಂದ ಹತ್ತಿ ಡಿಕ್ಕಿ ತೆರೆಸಿದ. ಸ್ಟೆಪ್ನಿಯ ಪಕ್ಕದಲ್ಲಿ ಒಂದು ಜಾಲಿ ಕಟ್ಟ‌ಿಗೆಯ ತುಂಡು ಇತ್ತು, ಒಂದು ಕಡೆ ಇಳಿಜಾರಾಗಿ ಕೆತ್ತಿದ್ದು.

"ಅದು ಶಂಕ್ರೆಪ್ಪನ ದೇವರ್ರಿ," ದುಂಡಪ್ಪ ಗುಂಡಿಯಿಂದಲೇ ಹೇಳಿದ. "ಈ ಗಾಡಿ ಹ್ಯಾಂಡ್‌ಬ್ರೇಕ್ ಎಂದೂ ಹಿಡದಿಲ್ಲ. ಚಡಾವಿನ್ಯಾಗ ನಿಲ್ಲೂದಿದ್ರ ಅಂವ ಮೊದಲ ಇಳದು ಗಾಲಿಗಿ ಅದನ್ನ ಕೊಡಾಂವ. ಆಮ್ಯಾಲ ಧಣ್ಯಾರಿಗೆ ಬಾಗಲಾ ತಗಿಯಾಂವ. ಅರ್ಧ ಕ್ಲಚ್ಚಿನ ಮ್ಯಾಲೆ ಗಾಡಿ ತೂಗಸಾವ್ರನ್ನ ಕಂಡ್ರ ಹೊಡಿಯಾಕ ಹೋಗಾಂವ."

ಕಾಂತೇಶ ತುಂಡನ್ನು ತಿರುವಿ ನೋಡಿದ. ಒಣಗಿದ ಕಪ್ಪು ಮಣ್ಣಿನ ಹಳೆಯ ಕಲೆ. ಕೆಂಪು ಗರಸಿನ ಗುರುತು ಒಂದೂ ಇಲ್ಲ. ಅಂದು ಅದು ಹೊರಗೆ ಬಂದಿಲ್ಲ.

ಮುಂಜಾನೆಯ ಮುಳ್ಳು ಸ್ವಲ್ಪ ಸಡಿಲಾಯಿತು. ಆದರೆ ಕೋರ್ಟಿನಲ್ಲಿ ಕಟ್ಟಿಗೆಯ ತುಂಡು ಸಾಕ್ಷಿ ಹೇಳುವುದಿಲ್ಲ.

"ಹೊಸಾ ಪ್ಲೇಟ್ ಹಾಕ್ರಿ, ದುಂಡಪ್ಪ. ಮಧ್ಯಾಹ್ನ ಈ ಗಾಡಿ ತಗೊಂಡು ನಾ ಖಣಿಗೆ ಹೊಂಟೇನಿ."

*

ದುಂಡಪ್ಪ ಹೊಸ ಪ್ಲೇಟನ್ನು ಇಟ್ಟು, ಅದು ಬರೋಬ್ಬರಿ ನಡುವೆ ಕೂಡಲೆಂದು ಒಂದು ಹಳೆಯ ಗೇರ್‌ಬಾಕ್ಸ್ ಶಾಫ್ಟನ್ನು ತೂರಿಸಿ, ಎದುರುಬದುರಾಗಿ ಬೋಲ್ಟು ಬಿಗಿಯುತ್ತಿದ್ದಾಗ ರಸ್ತೆಯ ಮೇಲೆ ಒಂದು ಟ್ರ್ಯಾಕ್ಸ್ ಜೀಪು ಬಂದು ನಿಂತಿತು. ಬಾಡಿಗೆಯದು.

ಹಿಂದಿನ ಸೀಟಿನಿಂದ ಮಹಾದೇವ ಇಳಿದ. ಬಿಳಿ ಅಂಗಿ, ಬಿಳಿ ಧೋತರ, ಹಣೆಯ ತುಂಬ ವಿಭೂತಿ. ಒಳಗೆ, ಸೆರಗು ಹೊದ್ದ ಒಂದು ಹೆಣ್ಣು ಮುಖ. ಮಹಾದೇವನ ಹೆಂಡತಿ ಸಪ್ನಾ. ಅವಳು ಇಳಿಯಲಿಲ್ಲ. ತೆರೆದ ಬಾಗಿಲಿನ ಕಡೆಗೆ ಸರಿದು, ಗ್ಯಾರೇಜಿನ ಕಡೆ ನೋಡದೆ ಕೂತಳು.

ಕಾಂತೇಶನೂ ಆ ಕಡೆ ನೋಡಲಿಲ್ಲ. ಸೋಮವಾರ ಸಾಲಹಳ್ಳಿಯಲ್ಲಿಯೂ ನೋಡಿರಲಿಲ್ಲ.

"ಏನ್ರಿ ಸಾಹೇಬ್ರ!" ಮಹಾದೇವ ಇಳಿಜಾರಿನ ತಲೆಯಲ್ಲಿ ನಿಂತೇ ಕೂಗಿದ. "ರಾಚವ್ವ ವೈನಿಗಿ ಔಷಧ ತರಾಕ ಬಂದಿದ್ವಿ. ನೋಡಿದ್ರ ಅಣ್ಣನ ಗಾಡಿ ಕರಳು ಹೊರಗ ತಗದು ಹರವೀರಿ. ಸತ್ತಾಂವಂದು ಆತು, ಈಗ ಗಾಡೀದೂ ಪೋಸ್ಟಮಾರ್ಟಮ್ಮೇನು?"

"ಬರ್ರಿ, ಕೆಳಗ ಬರ್ರಿ. ನೋಡ್ರಿ ಇದನ್ನ."

ಮಹಾದೇವ ಇಳಿದು ಬಂದ. ಕಾಂತೇಶ ಸುಟ್ಟ ಪ್ಲೇಟನ್ನು ಅವನ ಕೈಗೆ ಕೊಟ್ಟ. ಬಿಳಿ ಅಂಗಿಯ ತೋಳಿಗೆ ಕರಿ ಹತ್ತಿತು.

"ಸವದಿಲ್ರಿ. ಸುಟ್ಟೈತಿ. ಒಂದ ಹೊತ್ತಿನ್ಯಾಗ."

"ಸವದ್ರೇನು, ಸುಟ್ರೇನು? ಹಾಳಾತಿಲ್ಲೋ?"

"ತಿಂಗಳಿಂದ ಸವದಿತ್ತು, ಅದಕ್ಕ ಅಣ್ಣಾರು ಬೈದ್ರು, ಅದಕ್ಕ ಅಂವ ಹಗೆ ಸಾಧಿಸಿದ ಅಂತ ಬರಸೀರಿ. ಪ್ಲೇಟ್ ಗಟ್ಟಿ ಇದ್ರ ಅಣ್ಣಾರು ಬೈದದ್ದು ಯಾತಕ್ಕ?"

ಮಹಾದೇವ ಪ್ಲೇಟನ್ನು ನೋಡಲಿಲ್ಲ. ಕಾಂತೇಶನ ಭುಜದ ಆಚೆ, ಬಿಚ್ಚಿಟ್ಟ ಗೇರ್‌ಬಾಕ್ಸನ್ನು ನೋಡಿದ. "ಹೊಲದಾಗ ಹುಗದಾಗ ಸುಟ್ಟಿರಬೇಕು. ಎರಿ ಹೊಲ. ಗಾಡಿ ಒದ್ದಾಡಿರತೈತಿ."

"ಎರಿ ಮಣ್ಣು ಒಂದ ಹೆಂಟಿ ತೋರಸ್ರಿ ಇದರಾಗ."

"ಜಗ್ಗಿಸಿಕೊಂಡ ಬರೂಮುಂದ ಉದರೈತಿ."

"ಯಾತರ್ಲೆ ಜಗ್ಗಿಸಿದ್ರಿ? ನಿಮ್ಮ ಟ್ರ್ಯಾಕ್ಟರ್ ಕಬ್ಬು ಹೇರಿಕೊಂಡು ಎಂ.ಕೆ. ಹುಬ್ಬಳ್ಳಿ ಫ್ಯಾಕ್ಟರಿಗೆ ಹೋಗಿತ್ತಂತ."

"ಟ್ರ್ಯಾಕ್ಟರ್ ಇಲ್ಲದಿದ್ರ ಏನಾತು? ಮನ್ಯಾಗ ಜೋಡೆತ್ತು ಅದಾವ. ಮರುದಿನ ಮುಂಜಾನಿ ಹೊತ್ತು ಹೊಂಡೂಕಿಂತ ಮೊದಲ ಎತ್ತು ಹೂಡಿ ಜಗ್ಗಿಸಿದಿವಿ. ಆಳು ಪರಪ್ಪ ಹೂಡಿದ. ನಾನ ಮುಂದ ನಿಂತಿದ್ದೆ."

ಗುಂಡಿಯೊಳಗೆ ಪಾನಾದ ಸದ್ದು ನಿಂತಿತು.

ದುಂಡಪ್ಪನ ತಲೆ ನಿಧಾನಕ್ಕೆ ಮೇಲೆ ಬಂತು. ಸಿದ್ಧಾರೂಢ ಬರೆಯುತ್ತಿದ್ದ ಪೆನ್ನನ್ನು ಎತ್ತಿ ಹಿಡಿದ. ಬೇವಿನ ಮರದ ಕೆಳಗೆ ಕಾಡವ್ವ ಬುತ್ತಿಯ ಗಂಟನ್ನು ನೆಲಕ್ಕಿಟ್ಟಳು.

ಎಲ್ಲರೂ ಕೇಳಿಸಿಕೊಂಡಿದ್ದರು. ಹೇಳಿದವನಿಗೆ ಮಾತ್ರ ಇನ್ನೂ ಕೇಳಿಸಿರಲಿಲ್ಲ.

"ಮರುದಿನ," ಕಾಂತೇಶ ಮೆಲ್ಲಗೆ ಕೇಳಿದ, "ಯಾವ ವಾರ ಇತ್ರಿ?"

ಮಹಾದೇವ ತೋಳಿಗೆ ಹತ್ತಿದ ಕರಿಯನ್ನು ಉಜ್ಜಿಕೊಂಡ.

"ಸೋಮಾರ," ಎಂದಳು ಕಾಡವ್ವ, ಮರದ ಬುಡದಿಂದ.

ಸೋಮವಾರ ಬಸವಣ್ಣನ ವಾರ. ಈ ಸೀಮೆಯಲ್ಲಿ ಆ ದಿನ ಎತ್ತಿನ ಹೆಗಲಿಗೆ ನೊಗ ತಾಗುವುದಿಲ್ಲ. ಬಿತ್ತನೆಯ ಹದ ತಪ್ಪಿದರೂ ಇಲ್ಲ, ಮನೆಯ ಹಿರಿಯ ಸತ್ತರೂ ಇಲ್ಲ. ಮೈ ತೊಳೆದು, ವಿಭೂತಿ ಹಚ್ಚಿ, ಕೈ ಮುಗಿದು ಬಿಡುತ್ತಾರೆ. ಸಾಲಹಳ್ಳಿಯ ಆ ದೊಡ್ಡ ಮನೆಯಲ್ಲಿ ಹುಟ್ಟಿದವನಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೆ ಸುಳ್ಳು ಕಟ್ಟುವಾಗ ಮಹಾದೇವ ಮರುದಿನ ಎಂದಷ್ಟೇ ಯೋಚಿಸಿದ್ದ. ಆ ಮರುದಿನಕ್ಕೊಂದು ವಾರ ಇದೆ ಎಂಬುದನ್ನು ಮರೆತಿದ್ದ.

"ನಾ ಅವತ್ತ ಮುಂಜಾನಿ ನಿಮ್ಮ ಹಿತ್ತಲಾಗ ನಿಂತ ನೋಡೇನ್ರಿ," ಎಂದ ಕಾಂತೇಶ. "ಎತ್ತಿನ ಹಣಿಮ್ಯಾಲಿನ ವಿಭೂತಿ ಇನ್ನೂ ಹಸಿ ಇತ್ತು. ನೊಗ ಇಟ್ಟ ಹೆಗಲು ಅಲ್ಲ ಅದು."

ಮಹಾದೇವ ನಕ್ಕ. ಆ ನಗು ಕಂಡು ಕಾಂತೇಶನಿಗೆ ಭಯವಾಯಿತು. ಸಿಕ್ಕಿಬಿದ್ದವನು ಹಾಗೆ ನಗುವುದಿಲ್ಲ.

"ಆತ್ರಿ. ಸಾವಿನ ಮನಿ, ಬುದ್ಧಿ ಸ್ಥಿಮಿತದಾಗ ಇರಲಿಲ್ಲ, ತಪ್ಪಿ ಹೇಳಿದೆ. ನಿಮ್ಮ ಮಾತ ಖರೆ ಅನ್ನೂಣು. ಗಾಡಿ ಹೊಲಕ್ಕ ಹೋಗಿಲ್ಲ. ಗುಡ್ಡಕ್ಕ ಹೋತು. ಅಲ್ಲೇ ಪ್ಲೇಟ್ ಸುಡ್ತು. ಬರೊಬ್ಬರಿ?"

"ಹೂಂ."

"ಗಾಡಿ ಹೊಡದಾಂವ ಯಾಂವ?"

ಉತ್ತರಕ್ಕೆ ಕಾಯದೆ ಮಹಾದೇವನೇ ಮುಂದುವರಿಸಿದ.

"ನನಗ ಬರಂಗಿಲ್ಲ. ಈ ಮಿಸ್ತ್ರೀನ ಊರ ತುಂಬ ಹೇಳಕೋತ ಅಡ್ಡಾಡತಾನ. ಅಣ್ಣಗ ಬರತಿರಲಿಲ್ಲ. ಪರಪ್ಪಗ ಸೈಕಲ್ಲೂ ಬರಂಗಿಲ್ಲ. ವೈನಿ ಹೊಡದ್ಲೇನು? ನನ್ನ ಹೆಂಡ್ತಿ ಹೊಡದ್ಲೇನು?" ಅವನು ಟ್ರ್ಯಾಕ್ಸಿನ ಕಡೆ ಕೈ ಬೀಸಿದ. "ನಮ್ಮ ಮನ್ಯಾಗ ಕ್ಲಚ್ ಅಂದ್ರೇನಂತ ಗೊತ್ತಿದ್ದಾಂವ ಒಬ್ಬನ. ಅಂವ ನಿಮ್ಮ ಲಾಕಪ್ಪಿನ್ಯಾಗ ಅದಾನ. ನಾ ಹೊಲದಾಗ ಅಂದಿದ್ದೆ, ನೀವು ಖಣಿ ಬಾಯಿಗೇ ಒಯ್ದು ಮುಟ್ಟಿಸಿದ್ರಿ ಅವನ್ನ. ನಿಮ್ಮ ಮಂದೀನ ಉಳಸಾಕ ಹೋಗಿ, ಅವನ ಕೊರಳಿಗೆ ಹಗ್ಗ ನೀವ ಬಿಗದ್ರೆಲ್ಲೋ ಸಾಹೇಬ್ರ!"

ಕಾಡವ್ವ ಎದ್ದು ನಿಂತಳು. ಮರದ ಕಾಂಡಕ್ಕೆ ಕೈ ಊರಿದಳು.

ಮಹಾದೇವ ಹೇಳಿದ್ದು ಸರಿಯಾಗಿತ್ತು. ಅದೇ ಭಯಾನಕ. ಸುಟ್ಟ ಪ್ಲೇಟು, ಕೆಂಪು ಗರಸು, ಮುಂಜಾನೆಯಿಂದ ಒಂದೊಂದಾಗಿ ಕೂಡಿಸಿದ್ದೆಲ್ಲ ಈಗ ತಿರುಗಿ ಶಂಕ್ರೆಪ್ಪನ ಕಡೆಗೆ ಬೆರಳು ತೋರಿಸುತ್ತಿತ್ತು. ಕಾರು ಗುಡ್ಡ ಹತ್ತಿದ್ದು ನಿಜವಾದರೆ ಹತ್ತಿಸಿದವರು ಒಬ್ಬರು ಬೇಕು. ಆ ಮನೆಯಲ್ಲಿ ಬೇರೆ ಯಾರೂ ಇಲ್ಲ.

"ಶಂಕ್ರೆಪ್ಪ ಉಂಡಾನೇನ್ರಿ?"

ಟ್ರ್ಯಾಕ್ಸಿನಿಂದ ಬಂದ ದನಿ. ತಗ್ಗಿದ, ಒಣಗಿದ ದನಿ. ಎಲ್ಲರೂ ತಿರುಗಿದರು.

"ನೀ ಸುಮ್ನ ಕುಂಡ್ರು," ಎಂದ ಮಹಾದೇವ, ತಿರುಗದೆಯೇ.

"ಉಂಡಿಲ್ರಿ ಅವ್ವಾರ," ಕಾಡವ್ವ ಅವಳಿಗೆ ಹೇಳಿದಳು. "ರೊಟ್ಟಿ ಕೊಡಾಕ ಬಿಟ್ಟಿಲ್ಲ."

ಸಪ್ನಾ ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡಳು.

*

ಮಹಾದೇವ ಹೋಗಲಿಲ್ಲ. ಹೇಳಿಕೆ ತಿದ್ದಿಸಿ ಸಹಿ ಮಾಡಿಯೇ ಹೋಗುತ್ತೇನೆಂದು ಬಂಡೆಯ ಮೇಲೆ ಕೂತ. ಗೇರ್‌ಬಾಕ್ಸು ಮೇಲೇರಿತು, ಶಾಫ್ಟು ಕೂತಿತು. ದುಂಡಪ್ಪ ಪೆಡಲನ್ನು ಕೈಯಿಂದ ಒತ್ತಿ, ಎಷ್ಟು ಸಡಿಲ ಬಿಡಬೇಕೋ ಅಷ್ಟು ಬಿಟ್ಟು, ನಟ್ಟು ಬಿಗಿದ.

"ನೋಡ್ರಿ ಸಾಹೇಬ್ರ, ಈಗ ಹೆಂಗ ಹತ್ತತೈತಿ!"

ಅಂಬಾಸಡರ್ ಗುರುಗುಟ್ಟುತ್ತ ಇಳಿಜಾರಿನ ಬುಡಕ್ಕೆ ಬಂತು. ಅರ್ಧ ಹತ್ತಿ ನಿಂತಿತು. ದುಂಡಪ್ಪ ಕಿಟಕಿಯಿಂದ ತಲೆ ಹೊರಗೆ ಹಾಕಿ ನಕ್ಕ. ಬ್ರೇಕೂ ಇಲ್ಲ, ಗಾಲಿಗೆ ಕಲ್ಲೂ ಇಲ್ಲ. ಬರೀ ಅರ್ಧ ಕ್ಲಚ್ಚಿನ ಮೇಲೆ ಕಾರು ಆ ಚಡಾವಿನಲ್ಲಿ ತೂಗುತ್ತಿತ್ತು, ಹಿಂದಕ್ಕೂ ಜಾರದೆ, ಮುಂದಕ್ಕೂ ಹೋಗದೆ.

ಕಾಂತೇಶ ಕಾರನ್ನು ನೋಡುತ್ತಿದ್ದವನು ಅದರ ಆಚೆ ನೋಡಿದ.

ರಸ್ತೆಯ ಮೇಲೆ ಟ್ರ್ಯಾಕ್ಸಿನ ತೆರೆದ ಬಾಗಿಲು. ಸೀರೆಯ ಅಂಚಿನ ಕೆಳಗೆ ಒಂದು ಎಡಗಾಲು. ಅದು ನೆಲಹಾಸನ್ನು ಒತ್ತಿ ಹಿಡಿದಿತ್ತು. ಕಾರು ತೂಗುತ್ತಿರುವಷ್ಟು ಹೊತ್ತೂ ಹಾಗೆಯೇ, ಹಿಮ್ಮಡಿ ಎತ್ತಿ, ಬೆರಳುಗಳ ಮೇಲೆ ಸಣ್ಣಗೆ ನಡುಗುತ್ತ ಹಿಡಿದಿತ್ತು. ದುಂಡಪ್ಪ ಕ್ಲಚ್ ಬಿಟ್ಟು ಕಾರು ಮುಂದಕ್ಕೆ ಹೊರಟ ಕ್ಷಣ ಆ ಕಾಲೂ ನಿಧಾನಕ್ಕೆ ಮೇಲೆ ಬಂತು. ಅದೇ ಲೆಕ್ಕಕ್ಕೆ. ಒಂದು ಕೂದಲೆಳೆ ಮುಂಚೆ ಇಲ್ಲ, ತಡ ಇಲ್ಲ.

ಗಾಡಿ ಹೊಡೆಯಲು ಬಾರದವರ ಕಾಲು ಹಾಗೆ ಏಳುವುದಿಲ್ಲ.

ಮುಂಜಾನೆ ತಡೆದು ನಿಲ್ಲಿಸಿದ್ದ ನೆನಪು ಆಗ ತಡೆ ಮುರಿದು ಬಂತು. ಕಿತ್ತೂರಿನಿಂದ ಬೈಲಹೊಂಗಲದ ಕಾಲೇಜಿಗೆ ಒಂದೇ ಬಸ್ಸಿನಲ್ಲಿ ಹೋಗುತ್ತಿದ್ದ ವರ್ಷಗಳು. ಎಲ್ಲರೆದುರು ಎಂದೂ ಮಾತಾಡದ ಹುಡುಗಿ, ಸಪ್ನಾ. ದೇಗಾಂವದ ದಾರಿಯ ನಿರ್ಜನ ಏರು, ಹ್ಯಾಂಡ್‌ಬ್ರೇಕಿಲ್ಲದ ಅಪ್ಪನ ಫಿಯಟ್ಟು. ಇಳಿದು ಗಾಲಿಗೆ ಕಲ್ಲು ಕೊಡುವ ತಾಳ್ಮೆ ಇಬ್ಬರಿಗೂ ಇರಲಿಲ್ಲ. "ಅರ್ಧ ಬಿಟ್ಟ ಹಿಡೀರಿ, ಕಾಲು ನಡಗಬಾರದು," ಎಂದಿದ್ದ ಅವನು. ಅವಳು ಹಿಡಿದೇ ಇದ್ದಳು, ಪ್ಲೇಟು ಸುಟ್ಟ ವಾಸನೆ ಬರುವವರೆಗೂ. ಕಾಲು ನಡುಗಿತ್ತು. ಆಮೇಲೆ ಅವಳ ಮನೆಯವರು ಸಾಲಹಳ್ಳಿಯ ಸಂಬಂಧ ನೋಡಿದರು. ಇವನು ಹುಡುಗಿಯ ಮನೆಯ ಹೊಸ್ತಿಲು ತುಳಿಯಬಹುದಾದ ಓಣಿಯವನಾಗಿರಲಿಲ್ಲ.

ಸಪ್ನಾ ತಲೆ ಎತ್ತಿದಳು. ಅವನು ಎಲ್ಲಿ ನೋಡುತ್ತಿದ್ದಾನೆಂದು ಕಂಡಳು. ಕಾಲನ್ನು ಸೀರೆಯೊಳಗೆ ಎಳೆದುಕೊಂಡಳು. ಸೆರಗಿನ ನೆರಳಿನಲ್ಲಿ ಅವಳ ಕಣ್ಣುಗಳು ಅವನನ್ನೇ ನೋಡಿದವು. ಬೇಡಿಕೆಯೋ, ಎಚ್ಚರಿಕೆಯೋ, ಇಲ್ಲ ಬಹಳ ಹೊತ್ತು ಕಾದು ಸೋತ ದಣಿವೋ, ಅವನಿಗೆ ತಿಳಿಯಲಿಲ್ಲ.

"ಸಾಹೇಬ್ರ," ಸಿದ್ಧಾರೂಢ ಪ್ಯಾಡು ಮುಂದೆ ಹಿಡಿದ. "ಹೇಳಿಕಿ ತಿದ್ದೇನ್ರಿ. ಎತ್ತಿಂದು ತಗದೇನಿ. ಮನ್ಯಾಗ ಶಂಕ್ರೆಪ್ಪನ್ನ ಬಿಟ್ಟು ಬ್ಯಾರೆ ಯಾರಿಗೂ ಗಾಡಿ ಹೊಡಿಯಾಕ ಬರಂಗಿಲ್ಲ ಅಂತ ಬರದೇನಿ. ಮಾದೇವಪ್ಪಾರು ಸಹಿ ಮಾಡ್ಯಾರ. ನಿಮ್ಮ ಕಡಿಂದ ಏನರ ಕೂಡಸೂದೈತೇನ್ರಿ?"

ಹೊತ್ತು ವಾಲುತ್ತಿತ್ತು. ಖಣಿಗೆ ಹೋಗಿ ಬರಲು ಇನ್ನು ವೇಳೆ ಇರಲಿಲ್ಲ. ಕೋರ್ಟು ಏಳುವ ಹೊತ್ತು ಹತ್ತಿರ ಬರುತ್ತಿತ್ತು. ಕಾಡವ್ವ ಬುತ್ತಿಯ ಗಂಟನ್ನು ಎದೆಗೆ ಅವುಚಿಕೊಂಡು ಅವನ ಬಾಯಿಯನ್ನೇ ನೋಡುತ್ತಿದ್ದಳು.

ಕಾಂತೇಶ ಪೆನ್ನು ತೆಗೆದುಕೊಂಡ. ಹಾಳೆಯ ಕೆಳಗೆ ತನ್ನ ಸಹಿ ಹಾಕಿ, ಪ್ಯಾಡನ್ನು ತಿರುಗಿ ಕೊಟ್ಟ.

ಸಪ್ನಾಗೆ ಗಾಡಿ ಹೊಡೆಯಲು ಬರುತ್ತದೆ ಎಂದು ಅವನು ಹೇಳಲಿಲ್ಲ. ಕಲಿಸಿದವನು ತಾನೇ ಎಂದೂ ಹೇಳಲಿಲ್ಲ.